ಮಷಿನ್ ಬಿಚ್ಚುವ ಮೊದಲು ನೆಲ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಝಟ್ಕಾ ಬೇಲಿಯದ್ದೇ, ಅಂದರೆ ಪ್ರಾಣಿ ಮುಟ್ಟಿದರೆ ಹೆದರಿ ಓಡುವಂತೆ ಮಷಿನ್‌ನಿಂದ ಕ್ಷಣಕ್ಷಣಕ್ಕೆ ಕರೆಂಟಿನ ಹೊಡೆತ ಬಿಡುವ ತಂತಿ ಬೇಲಿ. ಎರೆ ಹೊಲದವರಿಗೆ ಚಿಗರಿ (ಕೃಷ್ಣಮೃಗ) ಕಾಟ, ಕಲಘಟಗಿ, ಹಾನಗಲ್ ಕಡೆಯವರಿಗೆ ಹಂದಿ ಕಾಟ. ಬೇಲಿ ಹಾಕಿದ ಮೊದಲ ವರ್ಷ ಎಲ್ಲರೂ ಖುಷಿ. ಎರಡನೇ ವರ್ಷಕ್ಕೆ "ಮಷಿನ್ ಕೆಟ್ಟಿದೆ, ಹೊಸದು ತರಲೇ?" ಅಂತ ಕೇಳುತ್ತಾರೆ. ತರುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ಮಷಿನ್‌ನಿಂದ ಬೇಲಿಯ ತಂತಿ ಬಿಚ್ಚಿ, ಅರ್ಥಿಂಗ್ ಹಾಗೇ ಇರಲಿ, ಬೇಲಿ ಮೀಟರ್ ಹಿಡಿದು ಮಷಿನ್ ಒಂದನ್ನೇ ಅಳೆಯಿರಿ. ಏಳೆಂಟು ಸಾವಿರ ವೋಲ್ಟ್ ತೋರಿಸಿದರೆ ಮಷಿನ್ ಸರಿಯಾಗಿದೆ, ದೋಷ ಹೊಲದಲ್ಲಿದೆ. ಕೆಳಗಿನ ಉತ್ತರಗಳೆಲ್ಲ ಈ ಅಳತೆ ಆದ ಮೇಲಿನ ಮಾತು.

ಒಂದು ಎಚ್ಚರಿಕೆ. ಮನೆಯ ಕರೆಂಟ್ ನೋಡುವ ಸಾದಾ ಮಲ್ಟಿಮೀಟರ್ ಇದಕ್ಕೆ ಹಿಡಿಯಬೇಡಿ, ಸುಟ್ಟು ಹೋಗುತ್ತದೆ. ಬೇಲಿಗೆ ಅಂತಲೇ ಬೇರೆ ಮೀಟರ್ ಬರುತ್ತದೆ. ಧಾರವಾಡದ ಕೃಷಿ ಮೇಳಕ್ಕೆ ಹೋದಾಗ ಬೇಲಿ ಮಾರುವ ಮಳಿಗೆಗಳಲ್ಲಿ ಕೇಳಿ ನೋಡಿ. ಊರಿನ ನಾಲ್ಕು ಮಂದಿ ಸೇರಿ ಒಂದು ತಂದರೂ ಸಾಕು.

ಪ್ರಶ್ನೆ: ಸರ್, ನಮ್ಮದು ನರಗುಂದ ತಾಲ್ಲೂಕು, ಪೂರ್ತಿ ಎರೆ ಭೂಮಿ. ಮುಂಗಾರಿಯಲ್ಲಿ ಹೆಸರು ಇದ್ದಾಗ ಬೇಲಿ ಜೋರಾಗಿ ಹೊಡೆಯುತ್ತಿತ್ತು, ಒಂದು ಚಿಗರಿ ಒಳಗೆ ಬರಲಿಲ್ಲ. ಈಗ ಕಡಲೆ ಕಾಯಿ ಕಟ್ಟುವ ಹೊತ್ತಿಗೆ ಹಿಂಡುಗಟ್ಟಲೆ ಬರುತ್ತಿವೆ. ತಂತಿ ಮುಟ್ಟಿದರೂ ಏನೂ ಆಗಿಲ್ಲ ಅನ್ನುವಂತೆ ನಿಲ್ಲುತ್ತವೆ. ಮೀಟರ್‌ನಲ್ಲಿ ಮಾತ್ರ ಆರು ಸಾವಿರದ ಮೇಲೆ ತೋರಿಸುತ್ತದೆ. ಅಂಗಡಿಯವರು ದೊಡ್ಡ ಮಷಿನ್ ತಗೊಳ್ಳಿ ಅಂತಾರೆ. ಏನು ಮಾಡಲಿ?
— ನರಗುಂದ ತಾಲ್ಲೂಕಿನ ರೈತರು

ಉತ್ತರ: ದೊಡ್ಡ ಮಷಿನ್ ಬೇಡ ಅಣ್ಣಾರೆ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮಳೆಗಾಲದಲ್ಲಿ ಹೊಡೆಯುತ್ತಿತ್ತು, ಈಗ ಹೊಡೆಯುವುದಿಲ್ಲ, ಮೀಟರ್ ಮಾತ್ರ ಚೆನ್ನಾಗಿ ತೋರಿಸುತ್ತದೆ. ಅಂದ ಮೇಲೆ ಬದಲಾಗಿರುವುದು ನೆಲ.

ಝಟ್ಕಾ ಹೇಗೆ ತಾಗುತ್ತದೆ ಅನ್ನುವುದನ್ನು ಒಮ್ಮೆ ನೋಡೋಣ. ಮಷಿನ್‌ನಿಂದ ಹೊರಟ ಹೊಡೆತ ತಂತಿಯಲ್ಲಿ ಹೋಗಿ ಪ್ರಾಣಿಯ ಮೈಗೆ ಬರುತ್ತದೆ, ಅದರ ಗೊರಸಿನಿಂದ ನೆಲಕ್ಕೆ ಇಳಿಯುತ್ತದೆ, ನೆಲದೊಳಗಿಂದಲೇ ಹಾಯ್ದು ಅರ್ಥಿಂಗ್ ರಾಡ್ ಹಿಡಿದು ವಾಪಸ್ ಮಷಿನ್‌ಗೆ ಸೇರುತ್ತದೆ. ಈ ಸುತ್ತು ಪೂರ್ತಿಯಾದರೆ ಮಾತ್ರ ಪ್ರಾಣಿಗೆ ಪೆಟ್ಟು. ತಂತಿ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಬರುವ ದಾರಿ ಮುಚ್ಚಿದರೆ ಏನೂ ಆಗುವುದಿಲ್ಲ.

ಎರೆ ಮಣ್ಣಿನ ಗುಣ ನಿಮಗೇ ಗೊತ್ತು. ಹಸಿ ಇದ್ದಾಗ ಉಬ್ಬಿ ರಾಡನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಒಣಗಿದರೆ ಬಿರುಕು ಬಿಡುತ್ತದೆ. ಈಗ ಹೋಗಿ ನಿಮ್ಮ ರಾಡಿನ ಬುಡದಲ್ಲಿ ಕುಳಿತು ನೋಡಿ. ರಾಡಿನ ಸುತ್ತ ಬೆರಳು ಹೋಗುವಷ್ಟು ಸಂದಿ ಬಿಟ್ಟಿರುತ್ತದೆ, ಕೈಯಿಂದ ಅಲ್ಲಾಡಿಸಿದರೆ ರಾಡ್ ಅಲ್ಲಾಡುತ್ತದೆ. ಮೇಲಿನ ಎರಡು ಮೂರು ಅಡಿ ಮಣ್ಣು ರಾಡಿಗೆ ತಾಗಿಯೇ ಇರುವುದಿಲ್ಲ. ಮೂರಡಿ ರಾಡ್ ಹೊಡೆದಿದ್ದರೆ ಅರ್ಥಿಂಗ್ ಇಲ್ಲ ಅಂತಲೇ ತಿಳಿಯಿರಿ.

ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಅಂತ ಅಳೆದು ನೋಡುವ ದಾರಿಯೂ ಇದೆ. ಮೊದಲು ಮಷಿನ್ ಬಂದ್ ಮಾಡಿ. ಮಷಿನ್‌ನಿಂದ ಸುಮಾರು 300 ಅಡಿ ದೂರದಲ್ಲಿ ಎರಡು ಮೂರು ಕಬ್ಬಿಣದ ರಾಡುಗಳನ್ನು ನೆಲಕ್ಕೆ ಚುಚ್ಚಿ ಬೇಲಿಯ ತಂತಿಗೆ ಒರಗಿಸಿ ನಿಲ್ಲಿಸಿ. ಆಮೇಲೆ ಮಷಿನ್ ಚಾಲೂ ಮಾಡಿ, ಬೇಲಿಯ ವೋಲ್ಟೇಜ್ ಎರಡು ಸಾವಿರಕ್ಕಿಂತ ಕೆಳಗೆ ಬಂತೇ ನೋಡಿ. ಬರದಿದ್ದರೆ ಮತ್ತೆ ಬಂದ್ ಮಾಡಿ ಇನ್ನೊಂದು ರಾಡ್ ಒರಗಿಸಿ. ಕೆಳಗೆ ಬಂದ ಮೇಲೆ ಮಷಿನ್ ಹತ್ತಿರ ಬನ್ನಿ. ಮೀಟರಿನ ಒಂದು ತುದಿಯನ್ನು ಕೊನೆಯ ಅರ್ಥಿಂಗ್ ರಾಡಿಗೆ ಹಿಡಿಯಿರಿ, ಇನ್ನೊಂದು ತುದಿಯ ಮೊಳೆಯನ್ನು ಮೂರಡಿ ಆಚೆ ಮಣ್ಣಿಗೆ ಚುಚ್ಚಿ. 200 ವೋಲ್ಟಿನ ಒಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. 300 ದಾಟಿದರೆ ರಾಡ್ ಸಾಲದು. ನಿಮ್ಮಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬಂದರೂ ನನಗೆ ಆಶ್ಚರ್ಯ ಇಲ್ಲ.

ಈಗ ರಿಪೇರಿ. ಆರಡಿಯ ಜಿಐ (ಸತು ಲೇಪಿಸಿದ ಕಬ್ಬಿಣ) ರಾಡ್ ಕನಿಷ್ಠ ಮೂರು ಬೇಕು, ಒಂದರಿಂದ ಒಂದಕ್ಕೆ ಹತ್ತು ಅಡಿ ಅಂತರ. ಮೂರನ್ನೂ ಒಂದೇ ಗುಂಡಿಯಲ್ಲಿ ಹೊಡೆದರೆ ಒಂದು ರಾಡ್ ಹೊಡೆದ ಹಾಗೇ. ಮನೆ ಕಟ್ಟಿದಾಗ ಉಳಿದ ತುಕ್ಕು ಹಿಡಿದ ಸಳಿ ಬೇಡ, ತುಕ್ಕಿನ ಪದರವೇ ಅಡ್ಡಿಯಾಗುತ್ತದೆ. ತಂತಿಯನ್ನು ರಾಡಿಗೆ ಸುಮ್ನೆ ಸುತ್ತಬೇಡಿ, ಕ್ಲ್ಯಾಂಪ್ ಹಾಕಿ ನಟ್ ಬಿಗಿ ಮಾಡಿ. ರಾಡ್ ಮಷಿನ್ ಪಕ್ಕದಲ್ಲೇ ಇರಬೇಕು ಅಂತೇನೂ ಇಲ್ಲ. ಕೃಷಿ ಹೊಂಡದ ದಂಡೆ, ತೊಟ್ಟಿಯ ನೀರು ಬಸಿಯುವ ಜಾಗ, ಹಳ್ಳದ ಬದು, ಎಲ್ಲಿ ಹಸಿ ಇರುತ್ತದೆಯೋ ಅಲ್ಲಿ ಹೊಡೆದು ಅಲ್ಲಿಂದ ತಂತಿ ಎಳೆದುಕೊಂಡು ಬನ್ನಿ. ಆದರೆ ಬೋರಿನ ಮೋಟಾರ್ ಅಥವಾ ಮನೆಯ ಅರ್ಥಿಂಗ್‌ನಿಂದ ಕನಿಷ್ಠ 10 ಮೀಟರ್, ಅಂದರೆ 33 ಅಡಿ ದೂರ ಇರಲೇಬೇಕು. ಇಲ್ಲದಿದ್ದರೆ ಬೇಲಿಯ ಹೊಡೆತ ಸ್ಟಾರ್ಟರ್ ಪೆಟ್ಟಿಗೆಗೆ, ನಲ್ಲಿಯ ಪೈಪಿಗೆ ಬರುತ್ತದೆ.

ಹಸಿ ಜಾಗವೇ ಇಲ್ಲ ಅಂದರೆ ರಾಡಿನ ಪಕ್ಕದಲ್ಲಿ ತೂತು ಮಾಡಿದ ಪಿವಿಸಿ ಪೈಪ್ ಹೂತು, ಬಿರುಕಿಗೆ ಮಣ್ಣು ತುಂಬಿ ತುಳಿದು, ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಕೆಲವರು ಉಪ್ಪು, ಇದ್ದಿಲು ಹಾಕುತ್ತಾರೆ. ಉಪ್ಪಿನಿಂದ ಅನುಕೂಲ ಆಗುತ್ತದೆ ನಿಜ, ಆದರೆ ರಾಡ್ ಬೇಗ ತಿಂದುಹೋಗುತ್ತದೆ. ಉಪ್ಪು ಹಾಕಿದವರು ಪ್ರತಿ ವರ್ಷ ರಾಡ್ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಚಿಗರಿ ನಿಂತ ಜಾಗದ ಮಣ್ಣು ಒಣಗೇ ಇರುತ್ತದೆ ಅಲ್ವಾ? ಅದಕ್ಕೆ ಬೇಲಿಯಲ್ಲೇ ಒಂದು ಬಿಟ್ಟು ಒಂದು ತಂತಿಯನ್ನು ಅರ್ಥಿಂಗ್‌ಗೆ ಜೋಡಿಸಿ. ಒಂದು ತಂತಿ ಹೊಡೆಯುವುದು, ಮುಂದಿನದು ವಾಪಸ್ ಒಯ್ಯುವುದು. ಚಿಗರಿ ತಂತಿಗಳ ನಡುವೆ ತಲೆ ತೂರಿಸಿ ನುಸುಳಲು ನೋಡುತ್ತದೆ, ಆಗ ಎರಡೂ ತಂತಿ ಒಟ್ಟಿಗೆ ತಾಗಿ ನೆಲದ ಹಂಗಿಲ್ಲದೆ ಪೆಟ್ಟು ಬೀಳುತ್ತದೆ. ನರಗುಂದ, ನವಲಗುಂದ, ರೋಣದ ಎರೆಯಲ್ಲಿ ಹಿಂಗಾರಿ ಬೆಳೆ ಕಾಯುವವರು ಮೊದಲ ದಿನದಿಂದಲೇ ಹೀಗೆ ಕಟ್ಟುವುದು ಒಳ್ಳೆಯದು.

ಪ್ರಶ್ನೆ: ನಾನು ಕಲಘಟಗಿ ತಾಲ್ಲೂಕಿನ ರೈತ ಮಹಿಳೆ. ಗೋವಿನಜೋಳ ಹಾಲುಗಾಳಿಗೆ ಬಂದಿದೆ. ಮಷಿನ್‌ನಲ್ಲಿ ಟಕ್ ಟಕ್ ಸಪ್ಪಳ ಬರುತ್ತದೆ. ತಂತಿ ಬಿಚ್ಚಿ ಅಳೆದರೆ 8.4 ಸಾವಿರ ವೋಲ್ಟ್ ತೋರಿಸುತ್ತದೆ, ಬೇಲಿಗೆ ಜೋಡಿಸಿದರೆ 2.1ಕ್ಕೆ ಇಳಿಯುತ್ತದೆ. ನಾಲ್ಕು ಎಕರೆ ಸುತ್ತ ಬೇಲಿ. ಎಲ್ಲಿ ಅಂತ ಹುಡುಕಲಿ ಸರ್? ರಾತ್ರಿ ಹಂದಿ ಬಂದು ಒಂದು ಸಾಲು ಮುಗಿಸಿ ಹೋಗಿವೆ.

ಉತ್ತರ: ಅಕ್ಕಾರೆ, ಅಳತೆ ಸರಿಯಾಗಿ ಮಾಡಿದ್ದೀರಿ, ಅರ್ಧ ಕೆಲಸ ಮುಗಿಯಿತು. ಮಷಿನ್ ಚೆನ್ನಾಗಿದೆ, ಬೇಲಿಯಲ್ಲಿ ಎಲ್ಲೋ ಸೋರುತ್ತಿದೆ. ಹಂದಿಯ ಚರ್ಮ ದಪ್ಪ, ಕೂದಲು ಬಿರುಸು. ಮೂರು ಸಾವಿರದ ಕೆಳಗಿದ್ದರೆ ಅದು ಹೆದರುವುದಿಲ್ಲ. ಬೇಲಿಯ ಕೊನೆಯ ತುದಿಯಲ್ಲಿ ಐದು ಸಾವಿರ ಇರಬೇಕು.

ನಾಲ್ಕು ಎಕರೆ ಸುತ್ತ ಕಂಬ ಕಂಬ ನೋಡುತ್ತಾ ಹೋಗಬೇಡಿ, ದಿನ ಹೋಗುತ್ತದೆ. ಬೇಲಿಯನ್ನು ಅರ್ಧ ಮಾಡಿ. ಮಷಿನ್ ಬಂದ್ ಮಾಡಿ ಮಧ್ಯದ ಮೂಲೆಯಲ್ಲಿ ತಂತಿ ಬಿಚ್ಚಿ, ಆಮೇಲೆ ಚಾಲೂ ಮಾಡಿ ಅಳೆಯಿರಿ. ವೋಲ್ಟೇಜ್ ಏರಿದರೆ ದೋಷ ಆಚೆಯ ಅರ್ಧದಲ್ಲಿದೆ, ಏರದಿದ್ದರೆ ಈಚೆಯಲ್ಲಿದೆ. ದೋಷ ಇರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಕೆಲವೇ ಕಂಬಗಳ ನಡುವೆ ಬಂದು ನಿಲ್ಲುತ್ತೀರಿ. ಸಲ ಸಲ ತಂತಿ ಬಿಚ್ಚುವುದು ತ್ರಾಸು. ಅದಕ್ಕೆ ಮುಂದಿನ ಹಂಗಾಮಿಗೆ ಮೊದಲು ಪ್ರತಿ ಮೂಲೆಗೂ ಒಂದೊಂದು ಕಟೌಟ್ ಸ್ವಿಚ್ ಹಾಕಿಸಿ. ಸಣ್ಣ ಖರ್ಚು, ದೊಡ್ಡ ನೆಮ್ಮದಿ.

ಮನೆಯಲ್ಲಿ ಹಳೆಯ ರೇಡಿಯೋ ಇದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಮೀಡಿಯಂ ವೇವ್‌ಗೆ ಹಾಕಿ, ಯಾವ ಸ್ಟೇಷನ್ನೂ ಹಿಡಿಯದ ಜಾಗಕ್ಕೆ ಮುಳ್ಳು ತಿರುಗಿಸಿ, ಬೇಲಿಯ ಪಕ್ಕ ನಡೆಯಿರಿ. ಮಷಿನ್‌ನ ಹೊಡೆತಕ್ಕೆ ತಕ್ಕಂತೆ ಟಕ್ ಟಕ್ ಕೇಳುತ್ತದೆ. ಕಿಡಿ ಹಾರುವ ಜಾಗ ಹತ್ತಿರ ಬಂದಂತೆ ಸಪ್ಪಳ ಜೋರಾಗುತ್ತದೆ. ಕತ್ತಲಾದ ಮೇಲೆ ಕೈಯಲ್ಲಿನ ಟಾರ್ಚ್ ಆರಿಸಿ ಸುಮ್ಮನೆ ನಿಂತು ನೋಡಿದರೂ ಕೆಲವೊಮ್ಮೆ ನೀಲಿ ಕಿಡಿ ಕಣ್ಣಿಗೆ ಬೀಳುತ್ತದೆ. ಒಬ್ಬರೇ ಹೋಗಬೇಡಿ, ಹಂದಿ ಓಡಾಡುವ ಜಾಗ.

ಎಲ್ಲೆಲ್ಲಿ ನೋಡಬೇಕು? ನಿಮ್ಮ ಕಡೆ ಮಳೆ ಜಾಸ್ತಿ, ಮೊದಲು ಕಸ ನೋಡಿ. ಹಂದಿಗೆ ಅಂತ ಕೆಳಗಿನ ತಂತಿಯನ್ನು ನೆಲದಿಂದ ಆರರಿಂದ ಎಂಟು ಇಂಚಿಗೆ ಕಟ್ಟಿರುತ್ತೀರಿ, ಕಟ್ಟಲೇಬೇಕು. ಆದರೆ ಆ ಎತ್ತರಕ್ಕೆ ಹುಲ್ಲು, ಕಾಂಗ್ರೆಸ್ ಕಸ, ಬಳ್ಳಿ ಒಂದು ವಾರದಲ್ಲಿ ಬರುತ್ತವೆ. ಒಂದು ಹುಲ್ಲಿನ ಕಡ್ಡಿಯಿಂದ ಏನೂ ಆಗುವುದಿಲ್ಲ, ಹಸಿ ಹುಲ್ಲು ಇಡೀ ಬದುವಿನುದ್ದ ತಂತಿಗೆ ತಾಗಿದರೆ ಎಲ್ಲ ಸೇರಿ ವೋಲ್ಟೇಜ್ ಕೆಳಗೆ ಬರುತ್ತದೆ. ಕೆಳಗಿನ ತಂತಿಗೆ ಬೇರೆ ಸ್ವಿಚ್ ಇಟ್ಟುಕೊಂಡರೆ ಗೊತ್ತಾಗುವುದು ಸುಲಭ. ಅದನ್ನು ಬಂದ್ ಮಾಡಿದಾಗ ವೋಲ್ಟೇಜ್ ಏರಿದರೆ ಕುಡುಗೋಲು ತೆಗೆದುಕೊಂಡು ಹೊರಡಿ, ಬೇರೆ ಏನೂ ಹುಡುಕಬೇಡಿ. ಕಸ ತೆಗೆಯುವಾಗ ಮಷಿನ್ ಬಂದ್ ಇರಲಿ.

ಕಸ ಇಲ್ಲ ಅಂದರೆ ಇನ್ಸುಲೇಟರ್. ಕಪ್ಪು ಪ್ಲಾಸ್ಟಿಕ್ ರೀಲ್ ಬಿಸಿಲಿಗೆ ಎರಡು ಮೂರು ವರ್ಷದಲ್ಲಿ ಒಡೆಯುತ್ತದೆ. ಒಡೆದಿದ್ದು ದೂರದಿಂದ ಕಾಣುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದರೆ ತಂತಿ ಕೂರುವ ಕಚ್ಚಿನಿಂದ ಮೊಳೆಯ ತೂತಿನವರೆಗೆ ಕೂದಲಿನಷ್ಟು ತೆಳು ಬಿರುಕು, ಆ ಬಿರುಕಿನುದ್ದಕ್ಕೂ ಸುಟ್ಟ ಕಪ್ಪು ಗೆರೆ. ಕಿಡಿ ಓಡಾಡಿದ ದಾರಿ ಅದು. ಒಣ ಬಿಸಿಲಿನಲ್ಲಿ ಅಳೆದರೆ ಸರಿ ಇರುತ್ತದೆ, ಒಂದು ಜಿಟಿ ಮಳೆ ಬಂದರೆ ಸೋರುತ್ತದೆ. ಅದಕ್ಕೇ ಮುಂಜಾನೆ ಇಬ್ಬನಿ ಇದ್ದಾಗ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಿರಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ಇನ್ಸುಲೇಟರ್ ಮೇಲೆ ಸಂಶಯ ಪಡಿ. ಹನಿ ನೀರಾವರಿಯ ಹಳೆ ಪೈಪ್ ತುಂಡನ್ನು ಇನ್ಸುಲೇಟರ್ ಬದಲು ಕಟ್ಟುವವರಿದ್ದಾರೆ. ಸಾವಿರಾರು ವೋಲ್ಟಿಗೆ ಅದು ತಡೆಯುವುದಿಲ್ಲ.

ಆಮೇಲೆ ಗೇಟ್. ಚಕ್ಕಡಿ, ಟ್ರ್ಯಾಕ್ಟರ್ ಹೋಗುವ ದಾರಿಯ ಕೆಳಗೆ ಹೂತ ವೈರ್ ಯಾವುದು ಅಂತ ನೋಡಿ. ಮನೆ ವೈರಿಂಗ್‌ನ ವೈರ್ ಆಗಿದ್ದರೆ ಅಲ್ಲೇ ದೋಷ ಇರಬಹುದು. ಅದರ ಹೊದಿಕೆ 1100 ವೋಲ್ಟಿಗೆ ಮಾಡಿದ್ದು, ನಿಮ್ಮ ಬೇಲಿಯಲ್ಲಿ ಎಂಟು ಸಾವಿರ. ಬೇಲಿಗೆ ಅಂತಲೇ ಎರಡು ಪದರದ ಕೇಬಲ್ ಬರುತ್ತದೆ, ಅದನ್ನು ಪೈಪಿನೊಳಗೆ ಹಾಕಿ, ಪೈಪಿನ ಎರಡೂ ಬಾಯಿ ಕೆಳಮುಖ ಮಾಡಿ ನೀರು ಹೋಗದಂತೆ ಹೂಳಿರಿ.

ಕೊನೆಗೆ ಗಂಟುಗಳು. ತಂತಿ ಹರಿದಾಗ ಅವಸರಕ್ಕೆ ಕೊಕ್ಕೆ ಹಾಕಿ ಬಿಟ್ಟ ಗಂಟು ಆರು ತಿಂಗಳಿಗೆ ತುಕ್ಕು ಹಿಡಿಯುತ್ತದೆ, ಅಲ್ಲಿಂದ ಮುಂದೆ ಹೊಡೆತ ಹೋಗುವುದೇ ಇಲ್ಲ. ಪಕ್ಕಡಿನಿಂದ ಬಿಗಿದ ಗಂಟು ಹಾಕಿ, ಇಲ್ಲವೇ ಕ್ಲ್ಯಾಂಪ್ ಹಾಕಿ. ತಾಮ್ರದ ತುಂಡು ಜಿಐ ತಂತಿಗೆ ಸುತ್ತಬೇಡಿ, ಎರಡು ಲೋಹ ತಾಗಿದ ಜಾಗದಲ್ಲಿ ಮಳೆ ನೀರು ನಿಂತರೆ ಜಿಐ ತಂತಿ ಬೇಗ ತಿಂದುಹೋಗುತ್ತದೆ.

ಪ್ರಶ್ನೆ: ಕುಂದಗೋಳ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ, ಹೆಸರು ಹಾಕಬೇಡಿ. ಪಕ್ಕದ ಹೊಲದವರು ರಾತ್ರಿ ಹೊತ್ತು ಮೋಟಾರ್ ಲೈನ್‌ನಿಂದ ನೇರವಾಗಿ ತಂತಿಗೆ ಕರೆಂಟ್ ಬಿಡುತ್ತಾರೆ. ಕೇಳಿದರೆ "ನಿಮ್ಮ ಮಷಿನ್ ಎಂಟು ಸಾವಿರ ವೋಲ್ಟ್, ನಂದು ಬರೀ 230, ನಂದೇ ಕಡಿಮೆ" ಅಂತಾರೆ. ಸಂಬಂಧಿಕರು ಬೇರೆ. ಹೇಗೆ ತಿಳಿಸಿ ಹೇಳಲಿ?

ಉತ್ತರ: ಇವತ್ತೇ ಹೇಳಿ. ನಾಳೆಗೆ ಬಿಡಬೇಡಿ. ಸಂಬಂಧಿಕರು ಅಂತ ಸುಮ್ಮನಿರಬೇಡಿ, ಸಂಬಂಧಿಕರು ಅಂತಲೇ ಹೇಳಿ.

ಅವರ ಲೆಕ್ಕ ಎಲ್ಲಿ ತಪ್ಪಿದೆ ಅಂದರೆ, ಕೊಲ್ಲುವುದು ವೋಲ್ಟ್ ಒಂದೇ ಅಲ್ಲ, ಎಷ್ಟು ಕರೆಂಟ್ ಮೈಯಲ್ಲಿ ಎಷ್ಟು ಹೊತ್ತು ಹರಿಯುತ್ತದೆ ಅನ್ನುವುದು. ನಮ್ಮ ಮಷಿನ್ ಬಿಡುವ ಹೊಡೆತ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಇರುತ್ತದೆ. ಆಮೇಲೆ ಒಂದು ಸೆಕೆಂಡು ಏನೂ ಇಲ್ಲ. ಆ ಬಿಡುವಿನಲ್ಲಿ ಮನುಷ್ಯನೋ ಪ್ರಾಣಿಯೋ ಹಿಂದಕ್ಕೆ ಸರಿಯುತ್ತದೆ. ಹೊಡೆತದ ಶಕ್ತಿಗೂ ಮಿತಿ ಇದೆ, 5 ಜೂಲ್ ದಾಟಬಾರದು. ಲೈನ್ ಕರೆಂಟಿಗೆ ಬಿಡುವೇ ಇಲ್ಲ. ಮುಟ್ಟಿದ ಕೈ ಬಿಗಿಹಿಡಿದು ಬಿಡುತ್ತದೆ, ಬಿಡಿಸಿಕೊಳ್ಳಬೇಕು ಅಂದರೂ ಆಗುವುದಿಲ್ಲ, ಎದೆಯ ಬಡಿತ ತಪ್ಪುತ್ತದೆ. ಫ್ಯೂಸ್ ಹೋಗುತ್ತದೆ ಅಂದುಕೊಂಡಿದ್ದಾರೇನೋ. ಹೋಗುವುದಿಲ್ಲ. ಮೋಟಾರಿನ ಫ್ಯೂಸ್ ಹತ್ತಾರು ಆಂಪಿಯರ್ ತಡೆಯುತ್ತದೆ, ಮನುಷ್ಯನನ್ನು ಕೊಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು.

ರಾತ್ರಿ ಆ ಹೊಲದಲ್ಲಿ ಯಾರು ಓಡಾಡುತ್ತಾರೆ ಅಂತ ಅವರಿಗೆ ನೆನಪು ಮಾಡಿಕೊಡಿ. ತ್ರೀಫೇಸ್ ಬಂತು ಅಂತ ನೀರು ಹಾಯಿಸಲು ಬರುವವರು. ಮೇವಿಗೆ ಬೇಗ ಎದ್ದು ಬರುವ ಹೆಣ್ಣುಮಕ್ಕಳು. ತಪ್ಪಿಸಿಕೊಂಡ ಎತ್ತು ಹುಡುಕುತ್ತಾ ಬರುವ ಹುಡುಗ. ತಂತಿ ಹಾಕಿದವರೇ ಸ್ವಿಚ್ ತೆಗೆಯುವುದು ಮರೆತು ಮುಟ್ಟಿ ಸತ್ತ ಸುದ್ದಿಗಳನ್ನು ನಾವು ಪತ್ರಿಕೆಯಲ್ಲಿ ಓದಿದ್ದೇವೆ.

ಕಾನೂನಿನ ಮಾತು. ಹೀಗೆ ಕರೆಂಟ್ ಎಳೆಯುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಪ್ರಕಾರ ಕಳ್ಳತನ, ಮೂರು ವರ್ಷದವರೆಗೆ ಜೈಲು ಆಗಬಹುದು. ಮನುಷ್ಯ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಸಾವಿನ ಪ್ರಕರಣ. ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು. ಬೆಳೆ ಉಳಿಸಲು ಮಾಡಿದ್ದು ಅಂದರೆ ಕೋರ್ಟ್ ಬಿಡುವುದಿಲ್ಲ.

ಹೇಳಿ ನೋಡಿ, ಜೊತೆಗೆ ಊರಿನ ಹಿರಿಯರನ್ನೂ ಕರೆದುಕೊಂಡು ಹೋಗಿ. ಹಣದ ತೊಂದರೆ ಇದ್ದರೆ ಇಬ್ಬರ ಹೊಲಕ್ಕೂ ಸೇರಿ ಒಂದೇ ಮಷಿನ್ ಹಾಕಬಹುದು ಅಂತ ತಿಳಿಸಿ. ಕೇಳದಿದ್ದರೆ 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಹೆಸ್ಕಾಂಗೆ ತಿಳಿಸಿ. ಸಂಬಂಧ ಕೆಡಬಹುದು. ಕೆಟ್ಟ ಸಂಬಂಧವನ್ನು ಆಮೇಲೆ ಸರಿ ಮಾಡಿಕೊಳ್ಳಬಹುದು, ಸತ್ತವರನ್ನು ತರುವುದಕ್ಕೆ ಆಗುವುದಿಲ್ಲ. ಯಾರಾದರೂ ಅಂಥ ತಂತಿಗೆ ಸಿಕ್ಕಿದ್ದು ಕಂಡರೆ ಓಡಿ ಹೋಗಿ ಎಳೆಯಬೇಡಿ. ಮೊದಲು ಕರೆಂಟ್ ತೆಗೆಯಿರಿ, ಆಮೇಲೆ 112ಕ್ಕೆ ಫೋನ್.

ಪ್ರಶ್ನೆ: ಅಣ್ಣಾ, ಬ್ಯಾಡಗಿ ತಾಲ್ಲೂಕು. ಸೋಲಾರ್ ಬೇಲಿ. ಬೆಳಗಿನ ಜಾವ ನಾಲ್ಕಕ್ಕೆ ಮಷಿನ್ ತಾನೇ ಬಂದ್ ಆಗುತ್ತದೆ. ಬಿಸಿಲು ಬಿದ್ದ ಮೇಲೆ ಮತ್ತೆ ಶುರು. ಬ್ಯಾಟರಿ ಹೋಯಿತಾ, ಪ್ಯಾನೆಲ್ ಹೋಯಿತಾ?

ಉತ್ತರ: ಎರಡನ್ನೂ ಅಳೆದರೆ ಗೊತ್ತಾಗುತ್ತದೆ ತಮ್ಮಾ. ಇದಕ್ಕೆ ಸಾದಾ ಮಲ್ಟಿಮೀಟರ್ ಸಾಕು. ಸಂಜೆ ಪ್ಯಾನೆಲ್, ಮಷಿನ್ ಎರಡನ್ನೂ ಬಿಚ್ಚಿ ಬ್ಯಾಟರಿಯನ್ನು ಎರಡು ತಾಸು ಸುಮ್ಮನೆ ಬಿಡು. ಆಮೇಲೆ ಅಳೆ. 12.6, 12.7 ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12.2 ಅಂದರೆ ಅರ್ಧ. 11.8ಕ್ಕೆ ಖಾಲಿ. ಸಂಜೆ 12.7 ಇದ್ದು ಬೆಳಗಿನ ಜಾವಕ್ಕೆ ಖಾಲಿ ಆದರೆ ಬ್ಯಾಟರಿಗೆ ವಯಸ್ಸಾಗಿದೆ. ಸಂಜೆಯೇ 12.2 ಇದ್ದರೆ ಚಾರ್ಜ್ ಆಗುತ್ತಿಲ್ಲ, ಪ್ಯಾನೆಲ್ ಕಡೆ ನೋಡು.

12 ವೋಲ್ಟಿನ ಪ್ಯಾನೆಲ್ ಬಿಚ್ಚಿ ಒಳ್ಳೆ ಬಿಸಿಲಿನಲ್ಲಿ ಅಳೆದರೆ 20ರ ಆಸುಪಾಸು ಬರಬೇಕು. ಜೋಡಿಸಿದ ಮೇಲೆ ಬ್ಯಾಟರಿಯ ತುದಿಯಲ್ಲಿ 13.5ರಿಂದ 14.4ರವರೆಗೆ ಏರಬೇಕು. ಪ್ಯಾನೆಲ್‌ನಲ್ಲಿ 20 ಇದ್ದು ಬ್ಯಾಟರಿಯಲ್ಲಿ ಏರದಿದ್ದರೆ ನಡುವಿನ ಕಂಟ್ರೋಲರ್ ಅಥವಾ ವೈರ್ ಹೋಗಿದೆ. ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ಪ್ಯಾನೆಲ್ ಮೇಲೆ ರಸ್ತೆಯ ಧೂಳು, ಹಕ್ಕಿಯ ಹಿಕ್ಕೆ, ಇಲ್ಲವೇ ಮೂರು ವರ್ಷದಲ್ಲಿ ಬೆಳೆದ ಬೇವಿನ ಗಿಡದ ನೆರಳು. ಪ್ಯಾನೆಲ್‌ನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ತೀರಾ ಇಳಿಯುತ್ತದೆ. ಮುಂಜಾನೆ ತಂಪಿದ್ದಾಗ ಒದ್ದೆ ಬಟ್ಟೆಯಿಂದ ಒರೆಸು. ಮುಖ ದಕ್ಷಿಣಕ್ಕೆ, ಬಾಗು 15 ಡಿಗ್ರಿ ಇರಲಿ.

ಲೆಕ್ಕವೂ ಮಾಡಿ ನೋಡು. ಮಷಿನ್ 0.2 ಆಂಪಿಯರ್ ತಿಂದರೆ 24 ತಾಸಿಗೆ 4.8 ಆಂಪಿಯರ್-ಅವರ್. 20 ವ್ಯಾಟ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಐದರ ಹತ್ತಿರ ಕೊಡುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದು ಮೋಡ ಕವಿದರೆ ಅದರ ಅರ್ಧವೂ ಇಲ್ಲ. ಮಳೆಗಾಲಕ್ಕೆ 40 ವ್ಯಾಟ್ ಬೇಕೇ ಬೇಕು.

ಬ್ಯಾಟರಿ ತುದಿಯಲ್ಲಿ ಬಿಳಿ-ಹಸಿರು ಪುಡಿ ಬಂದಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿದು, ವ್ಯಾಸಲೀನ್ ಹಚ್ಚು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ನೀರು ಹಾಕುವ ಬ್ಯಾಟರಿ ಆದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರು ಬೇಡ.

ಪ್ರಶ್ನೆ: ರಾಣೆಬೆನ್ನೂರಿನಿಂದ. ಅಡ್ಡಮಳೆಗೆ ಸಿಡಿಲು ಬಡಿದು ಮಷಿನ್ ಸತ್ತಿದೆ. ನಾನು ಐಟಿಐ ಎಲೆಕ್ಟ್ರಾನಿಕ್ಸ್ ಮಾಡಿದ್ದೇನೆ. ನಾನೇ ಬಿಚ್ಚಿ ನೋಡಬಹುದಾ ಸರ್?

ಉತ್ತರ: ನೋಡಬಹುದು, ಆದರೆ ಒಂದು ಮಾತು ಮೊದಲು. ಒಳಗೆ ಒಂದು ದೊಡ್ಡ ಕೆಪಾಸಿಟರ್ ಇದೆ, ಅದರಲ್ಲಿ ನೂರಾರು ವೋಲ್ಟ್ ಡಿಸಿ ತುಂಬಿರುತ್ತದೆ. ಸ್ವಿಚ್ ತೆಗೆದ ಮೇಲೂ ಇರುತ್ತದೆ. ಬೇಲಿಯ ಝಟ್ಕಾ ಬೇರೆ, ಇದು ಬೇರೆ. ಇದು ನೇರವಾಗಿ ಕೈಗೆ ತಾಗಿದರೆ ಜೀವಕ್ಕೆ ಅಪಾಯ. ಬ್ಯಾಟರಿ ಬಿಚ್ಚಿ, 10 ಕಿಲೋ-ಓಮ್‌ನ 10 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ಪ್ರೋಬ್ ಜೋಡಿಸಿ ಕೆಪಾಸಿಟರಿನ ಎರಡೂ ತುದಿಗೆ ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್ ಇಟ್ಟು ಸೊನ್ನೆ ಆಯಿತಾ ನೋಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ, ಕಿಡಿಗೆ ಕೆಪಾಸಿಟರೂ ಹಾಳು, ಕಣ್ಣಿಗೂ ಅಪಾಯ.

ಮೊದಲು ಫ್ಯೂಸ್. ಆಮೇಲೆ ಹೊರಹೋಗುವ ಟರ್ಮಿನಲ್ ಹತ್ತಿರ ಸುಟ್ಟ ಗುರುತು. ಸಿಡಿಲಿಗೆ ಎಸ್‌ಸಿಆರ್ (ಹೊಡೆತ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್) ಶಾರ್ಟ್ ಆಗುವುದು ಜಾಸ್ತಿ, ಬೋರ್ಡಿನಿಂದ ತೆಗೆದು ಆನೋಡ್-ಕ್ಯಾಥೋಡ್ ಅಳೆದರೆ ತಿಳಿಯುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. ಕೆಪಾಸಿಟರ್ ಬದಲಿಸಬೇಕಾದರೆ ಅದೇ ಮೈಕ್ರೋಫ್ಯಾರಡ್, ಅದೇ ವೋಲ್ಟಿನ, ಪಲ್ಸ್ ಕೆಲಸಕ್ಕೆ ಬರುವಂಥದ್ದೇ ಬೇಕು, ಫ್ಯಾನಿನದ್ದು ಹಾಕಬಾರದು. ದೊಡ್ಡದು ಹಾಕಿ ಝಟ್ಕಾ ಏರಿಸಿ ಕೊಡು ಅಂತ ಯಾರಾದರೂ ಕೇಳಿದರೆ ಮಾಡಬೇಡಿ. ಆ 5 ಜೂಲ್ ಮಿತಿ ಇರುವುದು ಮನುಷ್ಯರು ಬದುಕಲಿ ಅಂತ. ರಿಪೇರಿ ಆದ ಮೇಲೆ ಗಡಿಯಾರ ಹಿಡಿದು ಟಕ್ ಟಕ್ ಎಣಿಸಿ. ಒಂದು ನಿಮಿಷಕ್ಕೆ 60 ದಾಟಿದರೆ ಆ ಮಷಿನ್ ಬೇಲಿಗೆ ಹಾಕುವ ಹಾಗಿಲ್ಲ.

ಸಿಡಿಲು ಅಂತ ಬಂದ ಎಲ್ಲ ಮಷಿನ್‌ಗೂ ಸಿಡಿಲೇ ಬಡಿದಿರುವುದಿಲ್ಲ. ಹಾನಗಲ್ ಕಡೆಯ ಒಂದು ಪೆಟ್ಟಿಗೆ ಬಿಚ್ಚಿದಾಗ ಎರಡು ಟರ್ಮಿನಲ್ ನಡುವೆ ಒಣಗಿ ಕರಿ ಆದ ಹಲ್ಲಿ ಅಡ್ಡ ಮಲಗಿತ್ತು, ಬೋರ್ಡಿನ ಮೂಲೆಯಲ್ಲಿ ಇರುವೆ ಗೂಡಿನ ಮಣ್ಣು. ಬ್ರಷ್ ಹಾಕಿ ಒರೆಸಿದ್ದೇ ರಿಪೇರಿ. ವೈರ್ ಹೋಗುವ ತೂತಿಗೆ ಸಿಲಿಕಾನ್ ತುಂಬಿ.

ಇನ್ನು ಮುಂದಕ್ಕೆ, ಬೇಲಿಗೂ ಮಷಿನ್‌ಗೂ ನಡುವೆ ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿ, ಅದಕ್ಕೆ ಬೇರೆಯದೇ ಅರ್ಥಿಂಗ್ ಕೊಡಿ. ಮೋಡ ಕಟ್ಟುತ್ತಿದ್ದಂತೆ, ಗುಡುಗು ಇನ್ನೂ ದೂರ ಇರುವಾಗಲೇ, ಬೇಲಿಯ ತಂತಿ, ಅರ್ಥಿಂಗ್ ತಂತಿ ಎರಡನ್ನೂ ಮಷಿನ್‌ನಿಂದ ಕಿತ್ತಿಡಿ. ಸ್ವಿಚ್ ತೆಗೆದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನ ಸಂದಿ ಲೆಕ್ಕಕ್ಕೇ ಇಲ್ಲ. ಗುಡುಗು ಶುರುವಾದ ಮೇಲೆ ಮಾತ್ರ ಬೇಲಿಯ ಹತ್ತಿರ ಹೋಗಬೇಡಿ. ಮಷಿನ್ ಹೋದರೆ ಹೋಗಲಿ.

ಚಿಕ್ಕ ಪ್ರಶ್ನೆಗಳು

ಹಳೆಯ ಮುಳ್ಳುತಂತಿಗೇ ಮಷಿನ್ ಜೋಡಿಸಬಹುದಾ? (ಸವಣೂರು)
ಬೇಡ. ಮುಳ್ಳಿಗೆ ಬಟ್ಟೆಯೋ ಚರ್ಮವೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದಕ್ಕೆ ಆಗುವುದಿಲ್ಲ, ಹೊಡೆತ ಮಾತ್ರ ಬೀಳುತ್ತಲೇ ಇರುತ್ತದೆ. ಭಾರತದ ಮಾನಕ ಐಎಸ್ 302-2-76ರಲ್ಲೂ ಇದಕ್ಕೆ ಅವಕಾಶ ಇಲ್ಲ. ಮುಳ್ಳುತಂತಿ ಇದ್ದರೆ ಇರಲಿ, ಝಟ್ಕಾ ತಂತಿಯನ್ನು ಬೇರೆ ಕಂಬಕ್ಕೆ, ಒಂದಕ್ಕೊಂದು ತಾಗದಂತೆ ಕಟ್ಟಿ.

ನಮ್ಮ ಹೊಲದ ಪಕ್ಕ ಊರಿನ ಕಾಲುದಾರಿ. ಬೋರ್ಡ್ ಹಾಕಲೇಬೇಕಾ? (ಶಿರಹಟ್ಟಿ)
ಹಾಕಲೇಬೇಕು. ಹಳದಿ ಬಣ್ಣದ ಫಲಕ, ಎರಡೂ ಕಡೆಯಿಂದ ಕಾಣುವಂತೆ. "ವಿದ್ಯುತ್ ಬೇಲಿ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಓದಲು ಬಾರದವರಿಗೆ ಕೈ ಮತ್ತು ಮಿಂಚಿನ ಚಿತ್ರ ಹಾಕಿಸಿ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿ, ಓಣಿಯಲ್ಲಿ ಇದ್ದರೆ ಬೇಲಿಯಿಂದ ದೂರ ಇರಲು ಹೇಳಿ.

ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಮಷಿನ್ ಬಿಚ್ಚಿ ಮನೆಗೆ ತಂದಿಡುತ್ತೇವೆ. ಹೇಗೆ ಇಡಬೇಕು? (ಹಿರೇಕೆರೂರು)
ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಇಡಿ, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಿ. ಖಾಲಿ ಇಟ್ಟ ಬ್ಯಾಟರಿ ರೋಹಿಣಿ ಮಳೆಗೆ ಎದ್ದೇಳುವುದಿಲ್ಲ. ಮಷಿನ್‌ಅನ್ನು ಗೊಬ್ಬರದ ಚೀಲ ಇಟ್ಟ ಕೋಣೆಯಲ್ಲಿ ಇಡಬೇಡಿ, ಗೊಬ್ಬರದ ತೇವಕ್ಕೆ ಟರ್ಮಿನಲ್ ತುಕ್ಕು ಹಿಡಿಯುತ್ತದೆ. ತಂತಿಯ ಬಿಗಿ ಸ್ವಲ್ಪ ಸಡಿಲ ಮಾಡಿ. ಹೊಲದಲ್ಲಿ ಉಳಿದ ತಂತಿ ನೆಲಕ್ಕೆ ಜೋತು ಬೀಳದಂತೆ ನೋಡಿಕೊಳ್ಳಿ, ಮೇಯಲು ಬಂದ ಕುರಿ, ದನದ ಕಾಲಿಗೆ ಸುತ್ತಿಕೊಳ್ಳುತ್ತದೆ. ಮತ್ತೆ ಜೋಡಿಸುವಾಗ ಮೊದಲು ಅರ್ಥಿಂಗ್ ಕ್ಲ್ಯಾಂಪ್ ಬಿಗಿ ಮಾಡಿ, ಆಮೇಲೆ ಬೇಲಿಯ ತಂತಿ, ಕೊನೆಗೆ ಬ್ಯಾಟರಿ.